ಅರಾಮಿಕ್‌ನಲ್ಲಿ ದೇವರಿಗೆ ಏನಂತಾರೆ? ಪದ ಹುಡುಕುವವರಿಗೆ ಒಂದು ಕೈಪಿಡಿ

"ಯೇಸು ಆಡುತ್ತಿದ್ದ ಭಾಷೆಯಲ್ಲಿ ದೇವರಿಗೆ ಏನಂತಾರೆ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಆ ಭಾಷೆಯೇ ಅರಾಮಿಕ್. ಕೆಲವರಿಗೆ ಮಗುವಿಗೆ ಹೆಸರಿಡಬೇಕು. ಕೆಲವರಿಗೆ ಕೈ ಮೇಲೆ ಹಚ್ಚೆ ಬೇಕು. ಇನ್ನು ಕೆಲವರಿಗೆ ವಾಟ್ಸ್ಯಾಪ್‌ನಲ್ಲಿ ಬಂದ ಮೆಸೇಜು ನಿಜವೋ ಬುರುಡೆಯೋ ಗೊತ್ತಾಗಬೇಕು.

ಒಂದೇ ಸಾಲಿನ ಉತ್ತರ ಸಾಕು ಅನ್ನುವವರಿಗೆ: ಎಲಾಹ್, ಎಲಾಹಾ, ಅಲಾಹಾ, ಅಲೋಹೋ. ನಾಲ್ಕೂ ಸರಿ. ಆದರೆ ನಾಲ್ಕೂ ಒಂದೇ ಜಾಗದ, ಒಂದೇ ಕಾಲದ ಮಾತಲ್ಲ. ಯಾವುದು ಎಲ್ಲಿಯದು ಅಂತ ತಿಳಿಯದೆ ಒಂದನ್ನು ಆರಿಸಿಕೊಂಡರೆ ಎಡವಟ್ಟಾಗುತ್ತದೆ. ಅದಕ್ಕೇ ಈ ಲೇಖನ. ದೇವರು ಅನ್ನುವ ಪದವನ್ನೇ ಉದಾಹರಣೆಯಾಗಿ ಹಿಡಿದು ಹೋಗೋಣ. ಇದೇ ದಾರಿಯಲ್ಲಿ ರೊಟ್ಟಿ, ನೀರು, ಶಾಂತಿ, ಅಪ್ಪ, ಯಾವ ಪದವನ್ನು ಬೇಕಾದರೂ ನೀವೇ ಹುಡುಕಬಹುದು.

ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ಕನ್ನಡ ಬೈಬಲ್. ಅರಾಮಿಕ್‌ನ 22 ಅಕ್ಷರಗಳ ಒಂದು ಪಟ್ಟಿ. ಒಂದು ಒಳ್ಳೆಯ ನಿಘಂಟು. ನಿಘಂಟಿಗೆ ದುಡ್ಡು ಕೊಡಬೇಕಾಗಿಲ್ಲ. 'ಕಾಂಪ್ರಹೆನ್ಸಿವ್ ಅರಾಮಿಕ್ ಲೆಕ್ಸಿಕನ್' ಅಂತ ಇಂಟರ್ನೆಟ್‌ನಲ್ಲಿ ಉಚಿತವಾಗಿಯೇ ಇದೆ. ಅಮೆರಿಕದ ಹೀಬ್ರೂ ಯೂನಿಯನ್ ಕಾಲೇಜಿನವರು ನಡೆಸುವ ನಿಘಂಟು ಅದು. ಯಹೂದಿ ಗ್ರಂಥಗಳ ಅರಾಮಿಕ್‌ಗೆ ಜಾಸ್ಟ್ರೋ ನಿಘಂಟು, ಪೂರ್ವದ ಕ್ರೈಸ್ತರ ಅರಾಮಿಕ್ ಆದ ಸಿರಿಯಾಕ್‌ಗೆ ಪೇನ್ ಸ್ಮಿತ್ ನಿಘಂಟು ಇವೆ. ಎರಡೂ 1903ರಲ್ಲಿ ಹೊರಬಂದವು, ಹಾಗಾಗಿ ಅವುಗಳ ಸ್ಕ್ಯಾನ್ ಪ್ರತಿಗಳು ಸುಲಭವಾಗಿ ಸಿಗುತ್ತವೆ. ಇವೆಲ್ಲ ಅರ್ಥ ಕೊಡುವುದು ಇಂಗ್ಲಿಷಿನಲ್ಲಿ ಅನ್ನುವುದು ನೆನಪಿರಲಿ.

ಬೇಡವಾದದ್ದು ಅನುವಾದದ ಆ್ಯಪ್. ಅರಾಮಿಕ್‌ನ ಮಟ್ಟಿಗೆ ಅದು ಹೀಬ್ರೂ, ಅರಬ್ಬಿ, ಸಿರಿಯಾಕ್ ಎಲ್ಲವನ್ನೂ ಕಲಸಿ ಕೊಡುವ ಸಾಧ್ಯತೆಯೇ ಹೆಚ್ಚು.

1. ಮೊದಲು ಕೇಳಿಕೊಳ್ಳಿ: ಯಾವ ಅರಾಮಿಕ್?

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಹೆಚ್ಚಿನವರು ಹಾರಿಬಿಡುವುದೂ ಇದನ್ನೇ.

ಅರಾಮಿಕ್‌ಗೆ ಸುಮಾರು ಮೂರು ಸಾವಿರ ವರ್ಷಗಳ ಲಿಖಿತ ಚರಿತ್ರೆ ಇದೆ. "ಕನ್ನಡದಲ್ಲಿ ಇದಕ್ಕೆ ಏನಂತಾರೆ" ಅಂತ ಕೇಳಿದವರಿಗೆ ಒಬ್ಬರು ಪಂಪನ ಪದ ಕೊಟ್ಟು, ಇನ್ನೊಬ್ಬರು ಧಾರವಾಡದ ಪೇಟೆಯ ಪದ ಕೊಟ್ಟರೆ ಹೇಗಿರುತ್ತದೋ, ಇಲ್ಲೂ ಹಾಗೇ. ನಿಮ್ಮ ಕೆಲಸಕ್ಕೆ ಈ ಕವಲುಗಳು ಗೊತ್ತಿದ್ದರೆ ಸಾಕು.

ಸಾಮ್ರಾಜ್ಯದ ಅರಾಮಿಕ್: ಪರ್ಷಿಯಾದ ಅಕೆಮೆನಿಡ್ ದೊರೆಗಳ ಕಾಲದ ಕಚೇರಿ ಭಾಷೆ. ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕ ಕ್ರಿ.ಪೂ. 5ನೇ ಶತಮಾನದ ಪಪೈರಸ್ ಪತ್ರಗಳು ಇದರಲ್ಲೇ ಇವೆ. ಅಲ್ಲಿನ ಯಹೂದಿಗಳು ದೇವರನ್ನು 'ಎಲಾಹ್ ಶ್ಮಯ್ಯಾ', ಅಂದರೆ ಆಕಾಶದ ದೇವರು, ಎಂದು ಕರೆದಿದ್ದಾರೆ.

ಬೈಬಲ್‌ನ ಅರಾಮಿಕ್: ಹಳೆಯ ಒಡಂಬಡಿಕೆ ಇಡೀ ಹೀಬ್ರೂ ಅಲ್ಲ. ದಾನಿಯೇಲನ ಗ್ರಂಥದ 2:4ರ ನಡುವಿನಿಂದ 7ನೇ ಅಧ್ಯಾಯದ ಕೊನೆಯವರೆಗೆ, ಎಜ್ರನ ಗ್ರಂಥದ 4:8ರಿಂದ 6:18 ಮತ್ತು 7:12ರಿಂದ 26, ಯೆರೆಮೀಯನ ಒಂದೇ ಒಂದು ವಚನ (10:11), ಆದಿಕಾಂಡ 31:47ರಲ್ಲಿ ಎರಡು ಪದ. ಇವು ಅರಾಮಿಕ್.

ಗಲಿಲಾಯದ ಅರಾಮಿಕ್: ಯೇಸುವಿನ ಊರ ಕಡೆಯ ಆಡುಮಾತು. ಆತನ ಕಾಲದಲ್ಲೇ ಬರೆದಿಟ್ಟ ಪುಸ್ತಕ ಯಾವುದೂ ಉಳಿದಿಲ್ಲ. ಸುವಾರ್ತೆಗಳು ಗ್ರೀಕ್‌ನಲ್ಲಿವೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಅರಾಮಿಕ್ ಮಾತು ಸಿಗುತ್ತದೆ, ಅಷ್ಟೇ.

ಯಹೂದಿ ಬಾಬಿಲೋನಿನ ಅರಾಮಿಕ್: ತಾಲ್ಮುದ್ ಎಂಬ ದೊಡ್ಡ ಧರ್ಮಗ್ರಂಥದ ಭಾಷೆ.

ಸಿರಿಯಾಕ್: ಎಡೆಸ್ಸಾ ಪಟ್ಟಣದಲ್ಲಿ (ಇಂದಿನ ಟರ್ಕಿಯ ಉರ್ಫಾ) ಬೆಳೆದು ಪೂರ್ವದ ಕ್ರೈಸ್ತ ಸಭೆಗಳ ಪೂಜೆಯ ಭಾಷೆಯಾಯಿತು. ಕೇರಳಕ್ಕೆ ಬಂದದ್ದು ಇದೇ. ಪೂರ್ವದ ಉಚ್ಚಾರಣೆಯಲ್ಲಿ 'ಅಲಾಹಾ', ಪಶ್ಚಿಮದ ಉಚ್ಚಾರಣೆಯಲ್ಲಿ 'ಅಲೋಹೋ'. ಬರೆಯುವ ಅಕ್ಷರಗಳು ಒಂದೇ. ಪೂರ್ವದ ದೀರ್ಘ 'ಆ' ಪಶ್ಚಿಮದಲ್ಲಿ 'ಓ' ಆಗುತ್ತದೆ. ಶಾಂತಿ ಅನ್ನುವ ಪದ ಪೂರ್ವದಲ್ಲಿ 'ಶ್ಲಾಮಾ', ಪಶ್ಚಿಮದಲ್ಲಿ 'ಶ್ಲೋಮೋ'.

ಇಂದಿನ ಆಡುಮಾತುಗಳು: ಸಿರಿಯಾದ ಮಾಲೂಲಾ ಮತ್ತು ಅಕ್ಕಪಕ್ಕದ ಎರಡು ಹಳ್ಳಿಗಳು, ಟರ್ಕಿಯ ತೂರ್ ಅಬ್ದೀನ್, ಇರಾಕ್‌ನ ಉತ್ತರ ಭಾಗ. ಅಲ್ಲಿಂದ ವಲಸೆ ಹೋದವರ ಬಾಯಲ್ಲಿ ಇವತ್ತೂ ಅರಾಮಿಕ್ ಇದೆ. "ಸತ್ತ ಭಾಷೆ" ಅಂತ ಯಾರಾದರೂ ಬರೆದಿದ್ದರೆ ಆ ಲೇಖನವನ್ನು ಅಲ್ಲಿಗೇ ಮುಚ್ಚಿಡಿ.

ಕವಲಿನಿಂದ ಕವಲಿಗೆ ಪದ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ಯೆರೆಮೀಯನ ಆ ಒಂದು ವಚನವೇ ಸಾಕು. ಭೂಮಿ ಅನ್ನುವ ಪದ ಅದರಲ್ಲಿ ಎರಡು ಸಲ ಬರುತ್ತದೆ. ಒಮ್ಮೆ ಹಳೆಯ ರೂಪ 'ಅರ್ಕಾ', ಇನ್ನೊಮ್ಮೆ ಹೊಸ ರೂಪ 'ಅರ್‌ಆ'. ಒಂದೇ ವಚನದಲ್ಲಿ ಹೀಗಾದರೆ, ಮೂರು ಸಾವಿರ ವರ್ಷಗಳಲ್ಲಿ ಎಷ್ಟಾಗಿರಬೇಡ!

2. ಪದದ ಬೇರು ಹಿಡಿಯಿರಿ

ಅರಾಮಿಕ್, ಹೀಬ್ರೂ, ಅರಬ್ಬಿ ಮೂರೂ ಒಂದೇ ಕುಟುಂಬ. ಇವುಗಳಲ್ಲಿ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಸ್ವರಗಳು ಬದಲಾಗುತ್ತಾ ಹೋಗುತ್ತವೆ, ಬೇರು ಹಾಗೇ ಇರುತ್ತದೆ. ಹಳೆಯ ಬರವಣಿಗೆಯಲ್ಲಿ ಸ್ವರಗಳನ್ನು ಪೂರ್ತಿ ಬರೆಯುತ್ತಲೇ ಇರಲಿಲ್ಲ. ಹಾಗಾಗಿ ನಿಘಂಟಿನಲ್ಲಿ ಹುಡುಕಬೇಕಾದದ್ದು ವ್ಯಂಜನಗಳನ್ನು.

ದೇವರಿಗೆ ಇರುವ ಪದದ ವ್ಯಂಜನಗಳು ಅಲಫ್, ಲಾಮದ್, ಹೇ. ಅಲಫ್ ಅಂದರೆ ಗಂಟಲಲ್ಲಿ ಸಣ್ಣಗೆ ಉಸಿರು ತಡೆಯುವ ಸದ್ದು. ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ.

ಬೇರಿನ ಆಟ ಹೇಗಿರುತ್ತದೆ ಅಂತ ನೋಡಲು ದಾನಿಯೇಲನ 5ನೇ ಅಧ್ಯಾಯ ತೆಗೆಯಿರಿ. ಬಾಬಿಲೋನಿನ ಅರಮನೆಯ ಗೋಡೆಯ ಮೇಲೆ ಒಂದು ಕೈ 'ಮೆನೇ, ಮೆನೇ, ತೆಕೇಲ್, ಊಫರ್ಸೀನ್' ಎಂದು ಬರೆಯುತ್ತದೆ. ಮೇಲ್ನೋಟಕ್ಕೆ ಇವು ಸಂತೆಯ ಮಾತು: ಮಿನಾ, ಶೆಕೆಲ್, ಅರ್ಧ ಎಂಬ ತೂಕದ ಅಳತೆಗಳು. ಊರಿನ ಜಾಣರಿಗೆ ಅದು ಒಗಟಾಗಿಯೇ ಉಳಿಯಿತು. ದಾನಿಯೇಲ ಪದಗಳನ್ನು ಬಿಟ್ಟು ಬೇರು ಹಿಡಿದ. ಮ-ನ ಅಂದರೆ ಎಣಿಸು, ತ-ಕ-ಲ ಅಂದರೆ ತೂಗು, ಪ-ರ-ಸ ಅಂದರೆ ಭಾಗ ಮಾಡು. ರಾಜನಿಗೆ ಹೇಳಿದ: ನಿನ್ನ ದಿನ ಎಣಿಸಿ ಆಯಿತು, ನಿನ್ನನ್ನು ತೂಗಿ ಆಯಿತು, ನಿನ್ನ ರಾಜ್ಯ ಪಾಲಾಯಿತು. ಮೂರನೆಯ ಬೇರಿನಲ್ಲಿ ಪಾರಸೀಕರ ಹೆಸರೂ ಅಡಗಿದೆ. ಬೇರಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಎಚ್ಚರ: ಮೇಲೆ ಹೇಳಿದ ಆನ್‌ಲೈನ್ ನಿಘಂಟಿನಲ್ಲಿ ರೋಮನ್ ಅಕ್ಷರದಲ್ಲಿ ಟೈಪ್ ಮಾಡುವಾಗ ಅಲಫ್‌ಗೆ ಮುಚ್ಚುವ ಕಂಸ, ಅಯಿನ್ ಎಂಬ ಇನ್ನೊಂದು ಗಂಟಲಕ್ಷರಕ್ಕೆ ತೆರೆಯುವ ಕಂಸ, 'ಶ'ಕ್ಕೆ ಡಾಲರ್ ಗುರುತು. ಎರಡು ಕಂಸಗಳು ಅದಲುಬದಲಾದರೆ ಬೇರೆಯದೇ ಪದ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ.

3. ಬಾಲ ನೋಡಿ

ಅರಾಮಿಕ್ ಪದದ ಕೊನೆಯಲ್ಲಿ ಬರುವ 'ಆ' ನಮ್ಮವರನ್ನು ಪದೇ ಪದೇ ಮೋಸಗೊಳಿಸುತ್ತದೆ. ಗೀತಾ, ಸುಧಾ ಅಂತ ಕೇಳಿ ಕೇಳಿ 'ಆ' ಅಂದರೆ ಹೆಣ್ಣು ಅನ್ನಿಸುತ್ತದೆ, ಅಲ್ವಾ? ಅರಾಮಿಕ್‌ನಲ್ಲಿ ಹಾಗಲ್ಲ. 'ಮೆಲೆಕ್' ಅಂದರೆ ಒಬ್ಬ ರಾಜ. 'ಮಲ್ಕಾ' ಅಂದರೆ ಆ ರಾಜ. ಈ 'ಆ' ಗೊತ್ತಿರುವ ಒಂದನ್ನು ಬೊಟ್ಟು ಮಾಡಿ ತೋರಿಸುವ ಬಾಲ. ರಾಣಿಗೆ ಬೇರೆಯೇ ಬಾಲ: 'ಮಲ್ಕ್ತಾ'.

ಹಾಗೆಯೇ 'ಎಲಾಹ್' ಒಬ್ಬ ದೇವರು, 'ಎಲಾಹಾ' ಆ ದೇವರು. ಸಿರಿಯಾಕ್‌ನ ಹೊತ್ತಿಗೆ ಈ ವ್ಯತ್ಯಾಸ ಸವೆದುಹೋಯಿತು. 'ಆ' ಇರುವ ರೂಪವೇ ಮಾಮೂಲಿ ರೂಪವಾಯಿತು.

ಇನ್ನೂ ಕೆಲವು ಬಾಲಗಳು: 'ಎಲಾಹಿ' ಅಂದರೆ ನನ್ನ ದೇವರು. ಸಿಂಹಗಳ ಗವಿಯಿಂದ ದಾನಿಯೇಲ ಕೂಗಿ ಹೇಳುವ ಮಾತಿನಲ್ಲಿ ಇದು ಬರುತ್ತದೆ: 'ಎಲಾಹಿ ಶ್ಲಹ್ ಮಲಾಖೇ', ನನ್ನ ದೇವರು ತನ್ನ ದೂತನನ್ನು ಕಳಿಸಿದ. 'ಎಲಾಹ್‌ಖೋನ್' ನಿಮ್ಮ ದೇವರು. 'ಎಲಾಹಿನ್' ದೇವರುಗಳು. ದಾನಿಯೇಲ 2:47ರಲ್ಲಿ ಇವು ಒಟ್ಟಿಗೇ ಸಿಗುತ್ತವೆ: ನಿಮ್ಮ ದೇವರು 'ಎಲಾಹ್ ಎಲಾಹಿನ್, ಮಾರೇ ಮಲ್ಖಿನ್', ದೇವರುಗಳ ದೇವರು, ರಾಜರ ಒಡೆಯ.

ಎಚ್ಚರ: ಹಚ್ಚೆಗೋ ಹೆಸರಿಗೋ 'ಎಲಾಹಿನ್' ಆರಿಸಿಕೊಂಡರೆ ನೀವು ಬರೆದದ್ದು "ದೇವರುಗಳು" ಎಂದಾಗುತ್ತದೆ.

4. ಬಳಕೆಯ ಸಾಲು ಸಿಗುವವರೆಗೆ ನಂಬಬೇಡಿ

ನಿಘಂಟಿನ ಅರ್ಥ ಒಂದು ಸುಳಿವು ಮಾತ್ರ. ಆ ಪದ ಯಾವ ಗ್ರಂಥದಲ್ಲಿ, ಯಾವ ಸಾಲಿನಲ್ಲಿ ಬಂದಿದೆ ಅಂತ ನೋಡಿ. ಸಾಲು ಸಿಗದಿದ್ದರೆ ಪದ ಬಿಟ್ಟುಬಿಡಿ.

ವಚನ ಹುಡುಕುವಾಗ ಒಂದು ತೊಡಕಿದೆ. ದಾನಿಯೇಲನ 6ನೇ ಅಧ್ಯಾಯದಲ್ಲಿ ಮೂಲ ಗ್ರಂಥದ ವಚನ ಸಂಖ್ಯೆ ನಮ್ಮ ಬೈಬಲ್‌ಗಿಂತ ಒಂದು ಮುಂದಿರುತ್ತದೆ. ಕನ್ನಡದಲ್ಲಿ 6:22 ಅಂತ ಇದ್ದರೆ ಮೂಲದಲ್ಲಿ 6:23. 4ನೇ ಅಧ್ಯಾಯದ ಮೊದಲ ಮೂರು ವಚನಗಳು ಮೂಲದಲ್ಲಿ 3ನೇ ಅಧ್ಯಾಯದ ಕೊನೆಗೆ ಸೇರಿವೆ. ಪದ ಸಿಗಲಿಲ್ಲ ಅಂತ ಕೈಬಿಡುವ ಮುಂಚೆ ಹಿಂದೆ ಮುಂದೆ ನೋಡಿ.

ಸಾಲು ಹುಡುಕುತ್ತಾ ಹೋದಾಗ ಇನ್ನೊಂದು ಸಂಗತಿ ಕಾಣುತ್ತದೆ. ದೇವರಿಗೆ ನೇರ ಪದಕ್ಕಿಂತ ಬಳಸಿ ಹೇಳುವ ಪದಗಳೇ ಜಾಸ್ತಿ. ದಾನಿಯೇಲನಲ್ಲಿ 'ಇಲ್ಲಾಯಾ' (ಮೇಲಿನವನು), 'ಅತ್ತೀಕ್ ಯೋಮಿನ್' (ದಿನಗಳಲ್ಲಿ ಹಳೆಯವನು). ತಾಲ್ಮುದ್‌ನಲ್ಲಿ 'ರಹ್ಮಾನಾ' (ಕರುಣೆಯುಳ್ಳವನು). ಯಹೂದಿಗಳು ತೀರಿಕೊಂಡವರಿಗಾಗಿಯೂ ಹೇಳುವ ಕದ್ದಿಶ್ ಪ್ರಾರ್ಥನೆಯಲ್ಲಿ 'ಕುದ್ಶಾ ಬ್ರೀಖ್ ಹೂ' (ಪವಿತ್ರನು, ಅವನಿಗೆ ಸ್ತುತಿ). ಇರಾಕ್ ಮತ್ತು ಇರಾನ್‌ನ ಮಂದಾಯರು ಎಂಬ ಪುಟ್ಟ ಧರ್ಮಪಂಗಡದವರಿಗೆ 'ಹಯ್ಯಿ ರಬ್ಬಿ' (ಮಹಾ ಜೀವ). ನನ್ನ ಕೇಳಿದರೆ, 'ಎಲಾಹಾ' ಒಂದನ್ನೇ ಹಿಡಿದು ಕೂರುವುದಕ್ಕಿಂತ ಇವು ರುಚಿಯಾದ ಪದಗಳು.

'ಮಾರ್' ಎಂಬ ಪದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಅರ್ಥ ಒಡೆಯ. 'ಮಾರಿ' ನನ್ನ ಒಡೆಯ, 'ಮಾರನ್' ನಮ್ಮ ಒಡೆಯ. ಕೇರಳದ ಬಿಷಪರ ಹೆಸರಿನ ಮುಂದೆ ಬರುವ 'ಮಾರ್' ಇದೇ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ 'ಮಾರನಾಥಾ' ಅಂತ ಇದೆ. ಹಳೆಯ ಕೈಬರಹಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. 'ಮಾರನ್ ಅಥಾ' ಅಂತ ಒಡೆದರೆ "ನಮ್ಮ ಒಡೆಯ ಬಂದ". 'ಮಾರನಾ ಥಾ' ಅಂತ ಒಡೆದರೆ "ನಮ್ಮ ಒಡೆಯನೇ, ಬಾ". ಇದು ಪ್ರಾರ್ಥನೆಯ ಮಾತಾದ್ದರಿಂದ ಎರಡನೆಯದನ್ನೇ ಹೆಚ್ಚಿನವರು ಒಪ್ಪುತ್ತಾರೆ.

ಸಿರಿಯಾಕ್ ಬೈಬಲ್ ಆದ ಪೆಶಿತ್ತಾದಲ್ಲಿ ಹೀಬ್ರೂವಿನ ನಾಲ್ಕಕ್ಷರದ ದೇವನಾಮ (ಯಾಹ್ವೆ) ಇರುವ ಕಡೆ 'ಮಾರ್ಯಾ' ಎಂದು ಹಾಕಿದ್ದಾರೆ. ಇದಕ್ಕೆ "ಮಾರ್ + ಯಾಹ್, ಅಂದರೆ ಒಡೆಯ ಯಾಹ್ವೆ" ಎಂಬ ವಿವರಣೆ ಇಂಟರ್ನೆಟ್ ತುಂಬ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ, ಆದರೆ ಇದು ಮೂರನೇ ಹೆಜ್ಜೆಯಲ್ಲಿ ನೋಡಿದ ಅದೇ 'ಆ' ಬಾಲ. ಮೇರಿಗೂ ಇದಕ್ಕೂ ಸಂಬಂಧ ಇಲ್ಲ. ಆಕೆ 'ಮರ್ಯಮ್'.

5. ಗ್ರೀಕ್ ಮೂಲಕ ಬಂದ ಪದವನ್ನು ತೊಳೆದು ನೋಡಿ

ಯೇಸುವಿನ ಬಾಯಿಂದ ಬಂದ ಅರಾಮಿಕ್ ಮಾತುಗಳು ನಮಗೆ ಸಿಕ್ಕಿರುವುದು ಗ್ರೀಕ್ ಲಿಪಿಯಲ್ಲಿ. ಗ್ರೀಕ್‌ನಲ್ಲಿ 'ಶ' ಇಲ್ಲ, ಗಂಟಲಕ್ಷರಗಳೂ ಇಲ್ಲ. ಹಾಗಾಗಿ ಕನ್ನಡ ಬೈಬಲ್‌ನಲ್ಲಿ ಕಾಣುವುದು ಎರಡು ಸಲ ಸೋಸಿದ ಉಚ್ಚಾರಣೆ.

ಶಿಲುಬೆಯ ಮೇಲಿನ ಕೂಗು ನೋಡಿ: ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ? 'ನನ್ನ ದೇವರೇ' ಅನ್ನುವುದು ಮಾರ್ಕನ ಸುವಾರ್ತೆಯಲ್ಲಿ 'ಎಲೋಯಿ', ಮತ್ತಾಯನ ಸುವಾರ್ತೆಯಲ್ಲಿ 'ಏಲೀ'. ಮಾರ್ಕನದು ಅರಾಮಿಕ್ ರೂಪ. ಮತ್ತಾಯನದು 22ನೇ ಕೀರ್ತನೆಯ ಹೀಬ್ರೂ ರೂಪಕ್ಕೆ ಹತ್ತಿರ. ಕೂಗಿನ ಕೊನೆಯ ಪದ 'ಸಬಕ್ತಾನಿ' ಮಾತ್ರ ಇಬ್ಬರಲ್ಲೂ ಅರಾಮಿಕ್. ಬೇರು ಶ-ಬ-ಕ, ಅಂದರೆ ಬಿಟ್ಟುಬಿಡು. ಅರಾಮಿಕ್ ಬಾಯಲ್ಲಿ ಅದು 'ಶಬಕ್ತನಿ'. ಹೀಬ್ರೂ ಕೀರ್ತನೆಯಲ್ಲಿ ಇರುವ ಪದವೇ ಬೇರೆ, 'ಅಜವ್ತಾನಿ'.

'ತಲಿಥಾ ಕೂಮ್' (ಮಗಳೇ, ಏಳು) ಕೆಲವು ಬೈಬಲ್‌ಗಳಲ್ಲಿ 'ತಲಿಥಾ ಕೂಮಿ' ಆಗಿದೆ. ಹಳೆಯ ಕೈಬರಹಗಳಲ್ಲೇ ಎರಡೂ ಇವೆ. ಹೆಣ್ಣಿಗೆ ಹೇಳುವಾಗ ವ್ಯಾಕರಣದ ಪ್ರಕಾರ 'ಕೂಮಿ'. ಆಡುಮಾತಿನಲ್ಲಿ ಆ ಕೊನೆಯ 'ಇ' ಉದುರಿಹೋಗಿತ್ತು.

'ಅಬ್ಬಾ' (ಅಪ್ಪ) ಬಗ್ಗೆ ಅತಿ ಹೆಚ್ಚು ಪ್ರಶ್ನೆ ಬರುತ್ತವೆ. ಇದು ಮಕ್ಕಳು ಮುದ್ದಿನಿಂದ ಕರೆಯುವ ಮಾತು ಎಂಬ ವಿವರಣೆ ಚರ್ಚಿನ ಪ್ರಸಂಗಗಳಲ್ಲಿ ಇಂದಿಗೂ ಕೇಳುತ್ತೇವೆ. ವಿದ್ವಾಂಸ ಜೇಮ್ಸ್ ಬಾರ್ 1988ರಲ್ಲಿ ಇದನ್ನು ತಳ್ಳಿಹಾಕಿದರು. ಬೆಳೆದ ಮಕ್ಕಳೂ ಅಪ್ಪನನ್ನು ಹಾಗೇ ಕರೆಯುತ್ತಿದ್ದರು. ಮಾರ್ಕನೂ ಪೌಲನೂ ಪಕ್ಕದಲ್ಲಿ ತಂದೆ ಎಂಬ ಮಾಮೂಲಿ ಗ್ರೀಕ್ ಪದವನ್ನೇ ಇಟ್ಟಿದ್ದಾರೆ.

6. ನೆಂಟಸ್ತಿಕೆ ಕಟ್ಟುವ ಮುಂಚೆ ಪರೀಕ್ಷಿಸಿ

ಅಬ್ಬಾ ನಮ್ಮ ಅಪ್ಪನಂತೆ, 'ಇಮ್ಮಾ' ನಮ್ಮ ಅಮ್ಮನಂತೆ. ಹಾಗಾದರೆ ಅರಾಮಿಕ್ ಮತ್ತು ಕನ್ನಡ ನೆಂಟರು ಅನ್ನುವ ಮೆಸೇಜು ನಿಮಗೂ ಬಂದಿರಬಹುದು. ಪ, ಬ, ಮ ಎಳೆಮಕ್ಕಳ ಬಾಯಿಗೆ ಮೊದಲು ಹತ್ತುವ ಸದ್ದುಗಳು. ಸಂಬಂಧವೇ ಇಲ್ಲದ ಎಷ್ಟೋ ಭಾಷೆಗಳಲ್ಲಿ ಅಪ್ಪ ಅಮ್ಮಂದಿರ ಹೆಸರು ಹೀಗೇ ಇವೆ. ಸುಮ್ನೆ ಕೇಳಿ ಖುಷಿಪಡಿ, ನೆಂಟಸ್ತಿಕೆ ಬೇಡ.

ಅರಾಮಿಕ್‌ನ ಎಲಾಹ್, ಹೀಬ್ರೂವಿನ ಎಲೋಹ, ಅರಬ್ಬಿಯ ಇಲಾಹ್ ಮತ್ತು ಅಲ್ಲಾಹ್, ಇವು ನಿಜವಾದ ನೆಂಟರು. ಅಲ್ಲಾಹ್ ಎಂಬುದು 'ಅಲ್ ಇಲಾಹ್' ಕೂಡಿ ಆದದ್ದು ಅಂತ ಹೆಚ್ಚಿನವರು, ಸಿರಿಯಾಕ್‌ನಿಂದ ಬಂದದ್ದು ಅಂತ ಕೆಲವರು ಹೇಳುತ್ತಾರೆ. ಅರಬ್ ಕ್ರೈಸ್ತರೂ ದೇವರನ್ನು ಅಲ್ಲಾಹ್ ಎಂದೇ ಕರೆಯುತ್ತಾರೆ. ಪದ ಒಂದೇ ಬೇರಿನದು ಎಂಬುದರಿಂದ ಯಾರ ಧರ್ಮ ಸರಿ ಅಂತ ವಾದಿಸುವ ಮೆಸೇಜುಗಳು ಎರಡೂ ಕಡೆಯಿಂದ ಬರುತ್ತವೆ. ವ್ಯಾಕರಣ ಆ ಜಗಳಕ್ಕೆ ಸಾಕ್ಷಿ ಹೇಳುವುದಿಲ್ಲ.

ನೆಂಟರಾದರೂ ಅರ್ಥ ಒಂದೇ ಇರಬೇಕು ಅಂತಿಲ್ಲ. 'ಲಹ್ಮಾ' ಅರಾಮಿಕ್‌ನಲ್ಲಿ ರೊಟ್ಟಿ. ಅದೇ ಬೇರಿನ ಅರಬ್ಬಿಯ 'ಲಹ್ಮ್' ಮಾಂಸ. ಊಟಕ್ಕೆ ಕೂತವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಕನ್ನಡಕ್ಕೆ ನಿಜವಾದ ಕೊಂಡಿ ಇರುವ ಪದವೊಂದಿದೆ: 'ಕುರ್ಬಾನಾ'. ಬೇರು ಕ-ರ-ಬ, ಹತ್ತಿರ ಬರುವುದು. ದೇವರ ಹತ್ತಿರ ತರುವ ಕಾಣಿಕೆ ಕುರ್ಬಾನಾ. ಬಕ್ರೀದ್‌ನ 'ಕುರ್ಬಾನಿ' ನಮಗೆ ಬಂದದ್ದು ಅರಬ್ಬಿ, ಪಾರ್ಸಿ, ಉರ್ದು ದಾರಿಯಲ್ಲಿ. ಅರಬ್ಬಿಗೆ ಅದು ಅರಾಮಿಕ್‌ನಿಂದ ಹೋಯಿತು ಅನ್ನುತ್ತಾರೆ ಹಲವು ವಿದ್ವಾಂಸರು. ಇನ್ನೊಂದು ದಾರಿ ಕೇರಳದ್ದು. 1999ರಲ್ಲಿ ಆದ ಬೆಳ್ತಂಗಡಿಯ ಸಿರೋ ಮಲಬಾರ್ ಧರ್ಮಪ್ರಾಂತದ ಚರ್ಚುಗಳಲ್ಲಿ ಪೂಜೆಗೆ ಕುರ್ಬಾನಾ ಎಂದೇ ಹೆಸರು.

'ಅಬ್ರಕಡಬ್ರ' ಅರಾಮಿಕ್‌ನಲ್ಲಿ "ನುಡಿದಂತೆ ಸೃಷ್ಟಿಸುತ್ತೇನೆ" ಎಂದರ್ಥ ಅನ್ನುವುದೂ ಇಂಥದ್ದೇ ಒಂದು ಸುದ್ದಿ. ಆ ಪದ ಮೊದಲು ಸಿಗುವುದು ಜ್ವರದ ತಾಯಿತದ ಬಗ್ಗೆ ಬರೆದ ಹಳೆಯ ಲ್ಯಾಟಿನ್ ಪದ್ಯವೊಂದರಲ್ಲಿ. ಅರಾಮಿಕ್ ಮೂಲಕ್ಕೆ ಪುರಾವೆ ಇಲ್ಲ.

"ಯೇಸುವಿನ ಮೂಲ ಅರಾಮಿಕ್ ಪ್ರಾರ್ಥನೆ" ಅಂತ ಹರಿದಾಡುವ 'ಅಬೂನ್ ದ್‌ಬಶ್ಮಯ್ಯಾ' ಪೆಶಿತ್ತಾದ ಸಿರಿಯಾಕ್ ಪಾಠ. ಸುಂದರ ಪಾಠ, ಹಾಡಲು ಯಾವ ಅಡ್ಡಿಯೂ ಇಲ್ಲ. ಆದರೆ ಅದು ಗ್ರೀಕ್‌ನಿಂದ ಆದ ಅನುವಾದ ಎಂಬುದು ಬಹುತೇಕ ವಿದ್ವಾಂಸರ ಮಾತು. ಅದಕ್ಕೆ "ಬ್ರಹ್ಮಾಂಡದ ಕಂಪನ" ಎಂಬಂಥ ಅರ್ಥ ಹಚ್ಚಿದ ಅನುವಾದ ಕಂಡರೆ ಎರಡನೇ ಹೆಜ್ಜೆಗೆ ಹೋಗಿ. 'ಅಬೂನ್' ಅಂದರೆ ನಮ್ಮ ತಂದೆ, ಅಷ್ಟೇ.

7. ಬರೆಯುವುದು, ಓದಿಸುವುದು

ಕನ್ನಡ ಲಿಪಿಯಲ್ಲಿ ಬರೆಯುವಾಗ ಖ, ಥ, ಫ ಕಂಡರೆ ನಮ್ಮ ಮಹಾಪ್ರಾಣದಂತೆ ಓದಬೇಡಿ. ಇಲ್ಲಿ ಅವು ಉಸಿರು ಉಜ್ಜಿಕೊಂಡು ಬರುವ ಸದ್ದುಗಳು. 'ಖ' ಅನ್ನು ಉರ್ದು ಬಲ್ಲವರು 'ಖಬರ್' ಅನ್ನುವಾಗಿನಂತೆ ಹೇಳಿ.

ಮೂಲ ಲಿಪಿಯಲ್ಲೇ ಬೇಕೆಂದರೆ ಮೊದಲ ನಿಯಮ: ಬಲದಿಂದ ಎಡಕ್ಕೆ. ಈ ಬಲ-ಎಡದ ಬರಹಕ್ಕೆ ನಮ್ಮ ನೆಲದಲ್ಲೂ ಒಂದು ಹಳೆಯ ಗುರುತಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಬ್ರಾಹ್ಮಿಯಲ್ಲಿದೆ. ಅದನ್ನು ಬರೆದ ಚಪಡ ಕೊನೆಯಲ್ಲಿ 'ಲಿಪಿಕರ' ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಅರಾಮಿಕ್ ಲಿಪಿಯಿಂದ ಬೆಳೆದದ್ದು, ಬಲದಿಂದ ಎಡಕ್ಕೇ ಓಡುತ್ತದೆ. ಅದೇ ಅಶೋಕ ಕಂದಹಾರ್‌ನಲ್ಲಿ ಗ್ರೀಕ್ ಜೊತೆ ಅರಾಮಿಕ್ ಭಾಷೆಯಲ್ಲೇ ಶಾಸನ ಹಾಕಿಸಿದ್ದ. ಅದು 1958ರಲ್ಲಿ ಸಿಕ್ಕಿತು.

ಎರಡನೆಯದು, ಕವಲಿಗೆ ತಕ್ಕ ಲಿಪಿ. ದಾನಿಯೇಲನ ಪದಕ್ಕೆ ಹೀಬ್ರೂವಿನ ಚೌಕ ಅಕ್ಷರ. ಸಿರಿಯಾಕ್‌ಗೆ ಎಸ್ಟ್ರಂಗೆಲಾ ಎಂಬ ಹಳೆಯ ಶೈಲಿ, ಪಶ್ಚಿಮದವರ ಸೆರ್ತೋ, ಪೂರ್ವದವರ ಮದ್ನ್‌ಹಾಯಾ. 'ಅಲೋಹೋ' ಎಂದು ಓದಿಸಬೇಕಾದರೆ ಸೆರ್ತೋ ಹೊಂದುತ್ತದೆ.

ಮೂರನೆಯದು, ಸಿರಿಯಾಕ್ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಪೇಸ್ಟ್ ಮಾಡಿದ ಕೂಡಲೇ ಅವು ಬಿಡಿಬಿಡಿಯಾಗಿ, ತಿರುಗುಮುರುಗಾಗಿ ನಿಲ್ಲುತ್ತವೆ. ಹಚ್ಚೆ ಹಾಕುವವರಿಗೆ ಅಥವಾ ಲಗ್ನಪತ್ರಿಕೆ ಅಚ್ಚು ಮಾಡುವವರಿಗೆ ಫಾಂಟ್ ಕಳಿಸಬೇಡಿ, ಚಿತ್ರ ಕಳಿಸಿ.

ಕೊನೆಯ ಪರೀಕ್ಷೆ ಮನುಷ್ಯರದ್ದೇ. ಸಿರಿಯಾಕ್ ಪದವಾದರೆ ಆ ಸಂಪ್ರದಾಯದ ಚರ್ಚಿನ ಪಾದ್ರಿಗಳಲ್ಲಿ ಸಿರಿಯಾಕ್ ಓದಲು ಬರುವವರನ್ನು ವಿಚಾರಿಸಿ. ಉಡುಪಿ ಕಡೆಯವರಿಗೆ ಬ್ರಹ್ಮಾವರದ ಸಿರಿಯನ್ ಆರ್ಥಡಾಕ್ಸ್ ಪರಂಪರೆಯ ಕ್ಯಾಥೆಡ್ರಲ್ ಇದೆ. 'ಕದೀಶತ್ ಅಲೋಹೋ', ದೇವರೇ ನೀನು ಪವಿತ್ರ, ಎಂಬ ಪ್ರಾರ್ಥನೆ ಆ ಪಶ್ಚಿಮ ಸಂಪ್ರದಾಯದ್ದೇ. ಚಿತ್ರ ತೋರಿಸಿ, ಅರ್ಥ ಹೇಳದೆ, ಗಟ್ಟಿಯಾಗಿ ಓದಿ ಅನ್ನಿ. ನೀವು ಅಂದುಕೊಂಡ ಪದವೇ ಅವರ ಬಾಯಿಂದ ಬಂದರೆ ಅಚ್ಚಿಗೆ ಕೊಡಿ. ಬೇರೇನೋ ಬಂದರೆ ಒಂದನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿ.